ಗಂಡಿಕೋಟಕ್ಕೆ ಹೊರಟಿದ್ದೀರಾ? ಒಂದು ರಾತ್ರಿ ಅಲ್ಲೇ ಉಳಿಯಿರಿ

ಬೆಳಿಗ್ಗೆ ಬೆಂಗಳೂರು ಬಿಟ್ಟು, ಗಂಡಿಕೋಟದ ಕಮರಿ, ಕೋಟೆ ನೋಡಿ, ಬೇಲಂ ಗುಹೆಗೂ ಹೋಗಿ, ರಾತ್ರಿ ಮನೆ ಸೇರುವ ಪ್ಲಾನ್ ಹಾಕುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಡೆಗೇ ಸುಮಾರು 280 ಕಿ.ಮೀ. ಇದೆ. ನಡುವೆ ತಿಂಡಿಗೆ ನಿಂತರೆ ಆರು ಗಂಟೆಯಾದರೂ ಬೇಕು. ತಲುಪುವ ಹೊತ್ತಿಗೆ ಸುಡುವ ಮಧ್ಯಾಹ್ನ. ಆ ಬಿಸಿಲಿಗೆ ಕಮರಿಯ ಬಂಡೆಗಳೆಲ್ಲ ಬಣ್ಣಗೆಟ್ಟು ಒಂದೇ ಥರ ಕಾಣುತ್ತವೆ. ಅದನ್ನು ನೋಡಬೇಕಾದ್ದು ಸಂಜೆ, ಆಮೇಲೆ ಮರುದಿನ ಬೆಳಿಗ್ಗೆ.

ಗಂಡಿಕೋಟ ಇರುವುದು ಆಂಧ್ರದ ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗಿನಿಂದ 15 ಕಿ.ಮೀ. ದೂರದಲ್ಲಿ. ಎರ್ರಮಲ ಬೆಟ್ಟಗಳನ್ನು ಪೆನ್ನಾ ನದಿ ಕೊರೆದುಕೊಂಡು ಹೋಗುವ ಜಾಗ ಅದು. ಈ ಪೆನ್ನಾ ಬೇರೆ ಯಾವುದೋ ನದಿ ಅಲ್ಲ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆ ಹರಿಯುವ ಉತ್ತರ ಪಿನಾಕಿನಿಯೇ. ಅಲ್ಲಿ ಅದರ ಒಣ ಪಾತ್ರ ನೋಡಿದವರಿಗೆ, ಇಲ್ಲಿ ಇದೇ ಹೊಳೆ ಮುನ್ನೂರು ಅಡಿ ಆಳ ಬಂಡೆ ಕೊರೆದಿದೆ ಅಂದರೆ ನಂಬೋಕೇ ಆಗುವುದಿಲ್ಲ. ಬಂಡೆಯಂತೂ ನೂರು ಕೋಟಿ ವರ್ಷಕ್ಕೂ ಹಳೆಯದು. ಆದರೆ ಕಮರಿಯ ತಳದಲ್ಲಿ ಇವತ್ತು ಕಾಣುವ ನೀರೆಲ್ಲ ಪಿನಾಕಿನಿಯದಲ್ಲ. ಶ್ರೀಶೈಲದಿಂದ ಕೃಷ್ಣೆಯ ನೀರನ್ನು ಕಾಲುವೆಯಲ್ಲಿ ತಂದು ಇಲ್ಲಿನ ಗಂಡಿಕೋಟ ಜಲಾಶಯ ತುಂಬುತ್ತಾರೆ. ಸ್ವಲ್ಪ ಕೆಳಗೆ ಮೈಲವರಂ ಜಲಾಶಯವೂ ಇದೆ.

ದಾರಿ ಸುಲಭ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಕೋಡಿಕೊಂಡ ಚೆಕ್‌ಪೋಸ್ಟ್ ತನಕ ಹೈವೇ. ಅಲ್ಲಿಂದ ಬಲಕ್ಕೆ ತಿರುಗಿದರೆ ಗೋರಂಟ್ಲ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು. ರೈಲಿನಲ್ಲಿ ಬರುವವರು ಮುದ್ದನೂರಿನಲ್ಲಿ ಇಳಿಯಬಹುದು. ಪೆಟ್ರೋಲು, ನಗದು, ಔಷಧಿ ಏನೇ ಬೇಕಿದ್ದರೂ ಜಮ್ಮಲಮಡುಗಿನಲ್ಲೇ ಮುಗಿಸಿಕೊಳ್ಳಿ. ಕೋಟೆಯೊಳಗೆ ಒಂದು ಸಣ್ಣ ಹಳ್ಳಿ ಇದೆ, ಅಷ್ಟೇ. ಫೋನ್‌ನಲ್ಲೇ ಎಲ್ಲ ಪಾವತಿ ಆಗುತ್ತೆ ಅಂತ ಬರಿಗೈಲಿ ಹೋಗಬೇಡಿ. ಸಿಗ್ನಲ್ ಕೈಕೊಟ್ಟರೆ ಕಷ್ಟ.

ಉಳಿಯಲು ಆಂಧ್ರ ಪ್ರವಾಸೋದ್ಯಮ ನಿಗಮದ ಹರಿತಾ ಹೋಟೆಲ್ ಇದೆ. ಚಳಿಗಾಲದ ವಾರಾಂತ್ಯದಲ್ಲಿ ಜನ ಜಾಸ್ತಿ, ಮೊದಲೇ ಬುಕ್ ಮಾಡಿ. ಟೆಂಟ್ ಬಾಡಿಗೆಗೆ ಕೊಡುವವರೂ ಇದ್ದಾರೆ. ಹಣ ಕೊಡುವ ಮುಂಚೆ ಟೆಂಟ್ ಎಲ್ಲಿ ಹಾಕುತ್ತಾರೆ, ಶೌಚಾಲಯ ಎಷ್ಟು ದೂರ, ಊಟ ಅವರದೇನಾ, ಈ ಮೂರನ್ನೂ ಬಿಡಿಸಿ ಕೇಳಿ. ಅಂಚಿಗೆ ಹತ್ತಿರ ಹಾಕಿಕೊಡ್ತೀವಿ ಅಂದರೆ ಬೇಡ ಅನ್ನಿ. ರಾತ್ರಿ ಬಯಲಿಗೆ ಹೋಗಲು ಎದ್ದಾಗ ನಿದ್ದೆಗಣ್ಣಲ್ಲಿ ದಿಕ್ಕು ತಪ್ಪುವುದು ದೊಡ್ಡ ಮಾತಲ್ಲ.

ಈ ಅಂಚಿನ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಕಮರಿಯ ತುದಿಯಲ್ಲಿ ಇರುವುದು ಒಂದೇ ಹಾಸುಬಂಡೆ ಅಲ್ಲ. ಇಟ್ಟಿಗೆ ಪೇರಿಸಿಟ್ಟ ಹಾಗೆ ಚೌಕ ಚೌಕ ಬಂಡೆಗಳು ಒಂದರ ಮೇಲೊಂದು ಕೂತಿವೆ. ನಡುವೆ ಕಾಲು ಇಳಿದುಹೋಗುವಷ್ಟು ಅಗಲದ ಬಿರುಕುಗಳು. ಕೆಲವು ಬಿರುಕಿನ ಮೇಲೆ ಒಣಹುಲ್ಲು ಬೆಳೆದು ಮುಚ್ಚಿಕೊಂಡಿರುತ್ತದೆ. ಬಂಡೆಯ ಮೇಲಿನ ಸಣ್ಣ ಜಲ್ಲಿಗೆ ಚಪ್ಪಲಿ ಸರಕ್ಕನೆ ಜಾರುತ್ತದೆ. ಹಿಡಿತ ಇರುವ ಶೂ ಹಾಕಿಕೊಳ್ಳಿ. ಎಲ್ಲ ಕಡೆ ಕಂಬಿ ಇರುತ್ತೆ ಅಂದುಕೊಳ್ಳಬೇಡಿ. ಮಕ್ಕಳ ಕೈ ಬಿಡಬೇಡಿ. ಫೋಟೋ ತೆಗೆಸಿಕೊಳ್ಳುವವರು ಬೆನ್ನು ಕಮರಿಗೆ ಮಾಡಿ ಹಿಂದಕ್ಕೆ ಹೆಜ್ಜೆ ಇಡುವುದನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಅಂಚಿನಿಂದ ಎರಡು ಬಂಡೆ ಹಿಂದೆ ಕೂತರೂ ಕಮರಿ ಪೂರ್ತಿ ಕಾಣುತ್ತದೆ. ನೀರಿಗೆ ಇಳಿಯುವ ಆಸೆಯಂತೂ ಬೇಡವೇ ಬೇಡ. ಮೇಲಿಂದ ಶಾಂತವಾಗಿ ಕಂಡರೂ ಅದು ಆಳದ ನೀರು. ದೋಣಿ, ಕಯಾಕ್ ಇದ್ದರೆ ಲೈಫ್ ಜಾಕೆಟ್ ಕೊಟ್ಟ ಮೇಲೇ ಹತ್ತಿ.

ನಾವು ಸಂಜೆ ಹೋದಾಗ ಬಂಡೆ ಇನ್ನೂ ಬಿಸಿ ಬಿಸಿ. ಹೊತ್ತು ಇಳಿಯುತ್ತಾ ಗಾಳಿ ಎದ್ದಿತು. ಬೆಳಿಗ್ಗೆ ಇನ್ನೂ ಚೆಂದ. ಬಿಸಿಲು ಮೊದಲು ಕಮರಿ ಗೋಡೆಯ ಮೇಲಂಚಿಗೆ ಬೀಳುತ್ತದೆ. ಕೆಂಪು ಪಟ್ಟಿಯೊಂದು ನಿಧಾನಕ್ಕೆ ಕೆಳಗಿಳಿಯುತ್ತಾ ಹೋಗುತ್ತದೆ. ತಳದ ನೀರು ಎಷ್ಟೋ ಹೊತ್ತು ನೆರಳಲ್ಲೇ ಇರುತ್ತದೆ. ಇದು ನೋಡಲು ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಟಾರ್ಚ್ ಬೇಕೇ ಬೇಕು.

ಕೋಟೆಗೂ ಎರಡು ಗಂಟೆ ಇಡಿ. ಪೆಮ್ಮಸಾನಿ ನಾಯಕರು ವಿಜಯನಗರದ ಸಾಮಂತರಾಗಿ ಇಲ್ಲಿ ಆಳಿದವರು. 1650ರ ಸುಮಾರಿಗೆ ಗೋಲ್ಕೊಂಡದ ಸೇನಾಪತಿ ಮೀರ್ ಜುಮ್ಲಾ ಇದನ್ನು ಗೆದ್ದ. ಮಾಧವರಾಯ ದೇವಸ್ಥಾನದ ಗೋಪುರ, ಜಾಮಿಯಾ ಮಸೀದಿ, ಅದರ ಪಕ್ಕದ ದೊಡ್ಡ ಕಣಜ ಎಲ್ಲವೂ ಕಮರಿಗೆ ಹೋಗುವ ದಾರಿಯ ಆಸುಪಾಸಲ್ಲೇ ಇವೆ. ನನಗೆ ಹೆಚ್ಚು ಹಿಡಿಸಿದ್ದು ಮಾಧವರಾಯನ ಗುಡಿಯ ಕಂಬಗಳು. ಹಂಪಿ ನೋಡಿದವರಿಗೆ ಪರಿಚಯದ ಕೆತ್ತನೆ ಅಲ್ವಾ ಅನ್ನಿಸುತ್ತದೆ. ಮಂಗಗಳಿವೆ, ತಿಂಡಿ ಕವರ್ ಕೈಲಿ ಹಿಡಿದು ಓಡಾಡಬೇಡಿ. ಆ ಕವರನ್ನು ಬಂಡೆ ಸಂದಿಗೆ ತುರುಕುವುದೂ ಬೇಡ. ಬಿರುಕಿನೊಳಗೆ ಬಿದ್ದ ಬಾಟಲಿಯನ್ನು ಮತ್ತೆ ಯಾರೂ ತೆಗೆಯೋಕಾಗಲ್ಲ. ಎಷ್ಟು ಬಾಟಲಿ ಒಯ್ಯುತ್ತೀರೋ ಅಷ್ಟನ್ನೂ ವಾಪಸ್ ತನ್ನಿ.

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ರಾಯಲಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಅಂಚಿನಲ್ಲಿ ನೆರಳಿಗೆ ಒಂದು ಮರ ಹುಡುಕಬೇಕು.

ಎರಡನೇ ದಿನ ತಿಂಡಿ ಮುಗಿಸಿ ಬೇಲಂ ಗುಹೆಗೆ ಹೊರಡಿ. ಸುಮಾರು 60 ಕಿ.ಮೀ. ಸುಣ್ಣದಕಲ್ಲಿನ ಈ ಗುಹೆ 3,229 ಮೀಟರ್ ಉದ್ದ. ಜನ ನೋಡಲು ತೆರೆದಿರುವುದು ಒಂದೂವರೆ ಕಿ.ಮೀ. ಗುಹೆ ಅಂದರೆ ತಂಪು ಅಂದುಕೊಂಡಿದ್ದರೆ ಇಲ್ಲಿ ಹಾಗಿಲ್ಲ, ಒಳಗೆ ಸೆಕೆ, ಬೆವರು ಹರಿಯುತ್ತದೆ. ಉಸಿರಾಟದ ತೊಂದರೆ ಇರುವವರು, ಮಂಡಿನೋವಿನ ಹಿರಿಯರು ಗುಹೆಯ ಅತಿ ಆಳದ ಜಾಗವಾದ ಪಾತಾಳಗಂಗೆ ತನಕ ಹೋಗಲೇಬೇಕು ಅಂತೇನಿಲ್ಲ. ಗುಹೆ ನೋಡಿದ ಮೇಲೆ ಬಂದ ದಾರಿಗೇ ಹಿಂತಿರುಗದೆ ತಾಡಿಪತ್ರಿ, ಅನಂತಪುರದ ಮೇಲೆ ಬೆಂಗಳೂರಿಗೆ ಬನ್ನಿ. ತಾಡಿಪತ್ರಿಯಲ್ಲಿ ಇದೇ ಪೆನ್ನಾ ದಡದಲ್ಲಿ ಬುಗ್ಗ ರಾಮಲಿಂಗೇಶ್ವರ ದೇವಸ್ಥಾನವಿದೆ. ಅದರ ಅರೆಬರೆ ಉಳಿದ ಗೋಪುರಗಳ ಕೆತ್ತನೆ ನೋಡಲಿಕ್ಕಾದರೂ ಗಾಡಿ ನಿಲ್ಲಿಸಿ. ಮಧ್ಯಾಹ್ನ ಗುಡಿ ಬಾಗಿಲು ಹಾಕಿರಬಹುದು, ಹಾಗಾಗಿ ಊಟ ಮೊದಲು ಮುಗಿಸಿಕೊಂಡು ಸಂಜೆ ಹೊತ್ತಿಗೆ ಅಲ್ಲಿಗೆ ಹೋಗುವುದು ಒಳ್ಳೆಯದು.