‘ಬೇಸೂರು’ ಅಂದಾಂವ ನಾನು, ಸರಿ ಹಾಡಿದ್ದು ಆ ಹುಡುಗಿ

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನ್ಯಾಗ ಸಂಗೀತ ಮಾಸ್ತರ್, 14 ವರ್ಷ ಆತು. ಒಂದು ಕ್ಲಾಸಿಗೆ ವಾರಕ್ಕ ಒಂದ ಪಿರಿಯಡ್, ಅದೂ ಊಟದ ಬಿಡುವು ಮುಗದ ಮ್ಯಾಲಿಂದು, ಅದ್ರಾಗ ಗಣಿತದ ಟೀಚರ್ ಬಂದು ‘ಸರ್, ಪೋರ್ಷನ್ ಮುಗಿದಿಲ್ರಿ, ಇವತ್ತೊಂದಿನ’ ಅಂದ್ರ ಅದನ್ನೂ ಬಿಟ್ಟು ಕೊಡೂದು. ಹಿಂಗಾಗಿ ಸಿಕ್ಕ 40 ನಿಮಿಷದಾಗ ಲಗೂ ಲಗೂ ಬೋರ್ಡ್ ಮ್ಯಾಲೆ ಬರದು, ಸ್ವರ ಅಂದ್ರ ಇದು, ಲಯ ಅಂದ್ರ ಇದು, ತಾಳ ಅಂದ್ರ ಇದು, ಬರ್ಕೊಳ್ರಿ ಅಂತ ಡಿಕ್ಟೇಶನ್ ಕೊಟ್ಟು ಮುಗಸ್ತಿದ್ದೆ. ಹುಡುಗ್ರೂ ಬರ್ಕೋತಿದ್ವು. ಪರೀಕ್ಷಾದಾಗ ಹಂಗ ಬರೀತಿದ್ವು. ನಂಗೂ ಸಮಾಧಾನ, ಅವಕ್ಕೂ ಸಮಾಧಾನ.

ಒಂದ ವರ್ಷ ಜೂನ್ ತಿಂಗಳದಾಗ ಎಂಟನೇತ್ತಕ್ಕ ಮೈಸೂರಿಂದ ಒಂದು ಹುಡುಗಿ ಬಂದ್ಲು. ಅವರಪ್ಪ ರೈಲ್ವೇದಾಗ ಇದ್ರು, ಟ್ರಾನ್ಸ್‌ಫರ್ ಆಗಿತ್ತು. ಮೊದಲ ಕ್ಲಾಸು, ನಾನು ಪೇಟಿ (ಹಾರ್ಮೋನಿಯಂ) ಮುಂದ ಕುಂತು ಸಾ ಹಿಡದು, ಎಲ್ಲಾರೂ ಸಾ ರೆ ಗ ಮ ಹೇಳ್ರಿ ಅಂದೆ. 45 ಹುಡುಗ್ರು ಒಂದ ಸರ್ತಿ ಬಾಯಿ ಬಿಟ್ಟಾಗ ಏನ್ ಸಪ್ಪಳ ಬರ್ತೈತಿ ಅಂತ ಮಾಸ್ತರ್‌ಗಳಿಗೆ ಗೊತ್ತು, ಆದ್ರ ಆವತ್ತು ರೆ ಬಂದಲ್ಲಿ ಒಂದು ದನಿ ಕೆಳಗ ತಿಕ್ಕಾಡಾಕ ಹತ್ತಿತ್ತು, ಮತ್ತ ಧ ಬಂದಲ್ಲೂ ಹಂಗ. ಯಾರು ಅಂತ ನೋಡಿದ್ರ ಈ ಹೊಸ ಹುಡುಗಿ. ‘ಯವ್ವಾ, ಬೇಸೂರು ಆಗಾಕತ್ತೈತಿ, ಸ್ವಲ್ಪ ಕೇಳಿ ಹಾಡು’ ಅಂದೆ. ಎಲ್ಲಾರೂ ನಕ್ರು. ಆಕಿ ಆಮ್ಯಾಲೆ ಬಾಯಿ ತೆಗೀಲಿಲ್ಲ, ಆವತ್ತಷ್ಟ ಅಲ್ಲ, ತಿಂಗಳಗಟ್ಟಲೆ.

ಆಕಿ ಹಾಡಿದ್ದು ಸರಿ ಇತ್ತು. ಆಕಿ ಕಲ್ತಿದ್ದು ಕರ್ನಾಟಕ ಸಂಗೀತ, ನಂದು ಹಿಂದೂಸ್ತಾನಿ. ಕರ್ನಾಟಕ ಸಂಗೀತದಾಗ ಮಕ್ಕಳಿಗೆ ಮೊದಲ ಪಾಠ ಸರಳೆ ವರಸೆ, ಅದನ್ನ ಹೇಳಿಕೊಡೂದು ಮಾಯಾಮಾಳವಗೌಳ ರಾಗದಾಗ, ಆ ಪದ್ಧತಿ ಹಾಕಿದವರು ಪುರಂದರದಾಸರು ಅಂತ ಹೇಳ್ತಾರ. ಆ ರಾಗದ ರಿ ಮತ್ತ ಧ ನಮ್ಮ ಹಿಂದೂಸ್ತಾನಿ ಲೆಕ್ಕದಾಗ ಕೋಮಲ, ಅಂದ್ರ ಶುದ್ಧ ಸ್ವರಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನವು, ನಮ್ಮ ಭೈರವ ರಾಗದ ಸ್ವರಾನ ಅವು. ನಮ್ಮ ಕಡೆ ಮಕ್ಕಳು ಶುರು ಮಾಡೂದು ಬಿಲಾವಲ್ ರಾಗದಾಗ, ಎಲ್ಲಾ ಶುದ್ಧ ಸ್ವರ. ಆಕಿ ಕಲ್ತ ‘ಸ ರಿ ಗ ಮ’ ಬ್ಯಾರೆ, ನಾ ಕೇಳಿದ ‘ಸಾ ರೆ ಗ ಮ’ ಬ್ಯಾರೆ. ದಿನಾ ಮುಂಜಾನೆ ಭೈರವ ಹಾಡೋ ನಾನು, ಕ್ಲಾಸಿನ್ಯಾಗ ಅದೇ ಕೋಮಲ ರಿಷಭ ಕಿವಿಗೆ ಬಿದ್ರ ಬೇಸೂರು ಅಂದ್ಬಿಟ್ಟೆ. ನಾಚಿಕಿ ಬರ್ತೈತಿ ಈಗ ನೆನಸ್ಕೊಂಡ್ರ.

ಇದು ಗೊತ್ತಾಗಿದ್ದೂ ಆವಾಗಲ್ಲ, ಆರು ತಿಂಗಳ ಪರೀಕ್ಷಾ ಆದಮ್ಯಾಲೆ. ‘ಸ್ಥಾಯಿ ಅಂದರೇನು?’ ಅಂತ ಎರಡು ಮಾರ್ಕಿನ ಪ್ರಶ್ನೆ ಕೊಟ್ಟಿದ್ದೆ. ನನ್ನ ಉತ್ತರ, ಬಂದಿಶಿನ (ರಾಗದಾಗ ಕಟ್ಟಿದ ಹಾಡಿನ) ಮೊದಲನೇ ಭಾಗ, ಅದರ ಮುಂದ ಅಂತರಾ ಬರ್ತೈತಿ. ಆಕಿ ಬರದಿದ್ದು ‘ಮಂದ್ರ ಸ್ಥಾಯಿ, ಮಧ್ಯ ಸ್ಥಾಯಿ, ತಾರ ಸ್ಥಾಯಿ ಎಂದು ಮೂರು’, ಅಂದ್ರ ದನಿಯ ಕೆಳಗಿನ, ನಡುವಿನ, ಮ್ಯಾಲಿನ ಅಂತಸ್ತು; ಕರ್ನಾಟಕ ಸಂಗೀತದಾಗ ಸ್ಥಾಯಿ ಅಂದ್ರ ಅದ. ಕೆಂಪು ಪೆನ್ನಿಲೆ ಗೀಟು ಎಳದು ಸೊನ್ನಿ ಹಾಕಿದ್ದೆ. ಅವರ ತಾಯಿ ಸಾಲಿಗೆ ಬಂದ್ರು, ಜಗಳಾಡಾಕ ಬಂದಾರ ಅಂತ ತಿಳ್ಕೊಂಡೆ, ಅವರು ಬಂದು ‘ಸರ್, ಎರಡು ಮಾರ್ಕ್ಸ್ ಹೋಗ್ಲಿ ಬಿಡಿ, ಅವ್ಳು ಮನೇಲೂ ಹಾಡೋದ್ ಬಿಟ್ಬಿಟ್ಟಿದಾಳೆ, ನೀವೊಂದ್ಸಲ ಹೇಳಿ’ ಅಂದ್ರು. ಅಷ್ಟ. ಜಗಳಾಡಿದ್ರ ಛಲೋ ಇತ್ತು.

ಆವಾಗ ಆಕೀನ ಕರದು ‘ನಿಮ್ಮ ಕ್ಲಾಸಿನ್ಯಾಗ ಹೇಳಿಕೊಟ್ಟಂಗ ಒಂದ್ಸರ್ತಿ ಹಾಡವ್ವಾ’ ಅಂದೆ. ಸರಳೆ ವರಸೆ ಮೂರು ಕಾಲದಾಗ, ಅಂದ್ರ ಮೂರು ವೇಗದಾಗ, ಹಾಡಿದ್ಲು, ಒಂದು ಅಕ್ಷರ ತಪ್ಪಲಿಲ್ಲ. ನಾನು ಪೇಟಿ ಮ್ಯಾಲೆ ಹಿಂದಿಂದ ಬಾರಿಸ್ಕೋತ ಹೋದೆ, ಬೆರಳು ತಾವಾಗೇ ಭೈರವಕ್ಕ ಹೋದ್ವು.

ನಮ್ಮ ಭಾಗದಾಗ ‘ಉಭಯ ಗಾನ ವಿಶಾರದ’ ಅನ್ನೋ ಮಾತು ಸಣ್ಣಾಂವ ಇದ್ದಾಗಿಂದ ಕೇಳೀನಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಅದನ್ನ ಹೇಳ್ತಾರ, ಎರಡೂ ಪದ್ಧತಿ ಕಲ್ತು ಎರಡೂ ಕಲಿಸಿದವರು ಅಂತ. ನಾನು ಆ ಬಿರುದು ಭಾಷಣದಾಗ ಎಷ್ಟ್ ಸರ್ತಿ ಹೇಳೀನೋ ಲೆಕ್ಕ ಇಲ್ಲ, ಆದ್ರ ಎರಡು ಪದ್ಧತಿ ಅಂದ್ರ ಎರಡು ಡಿಕ್ಷನರಿ ಅನ್ನೋದು ತಲಿಗೆ ಹೊಕ್ಕಿದ್ದು ಈ ಎಂಟನೇತ್ತೆ ಹುಡುಗಿಯಿಂದ.

ಆಮ್ಯಾಲೆ ಕುಂತು ನೋಡಿದ್ರ ನಾ ಡಿಕ್ಟೇಶನ್ ಕೊಡ್ತಿದ್ದ ಪದದಾಗ ಅರ್ಧಕ್ಕರ್ಧ ಹಿಂಗ ಅದಾವ. ‘ಶುದ್ಧ’ ತಗೊಳ್ರಿ. ಕರ್ನಾಟಕ ಸಂಗೀತದ ಶುದ್ಧ ರಿಷಭ ನಮಗ ಕೋಮಲ ರಿಷಭ, ನಮ್ಮ ಶುದ್ಧ ರಿಷಭ ಅವರಿಗೆ ಚತುಶ್ರುತಿ ರಿಷಭ. ಧೈವತಕ್ಕೂ ಇದ ಕತಿ. ಆದ್ರ ಶುದ್ಧ ಮಧ್ಯಮ ಎರಡೂ ಕಡೆ ಒಂದ! ಇನ್ನ ರಾಗದ ಹೆಸರು ಅಂತೂ ಕೇಳಬ್ಯಾಡ್ರಿ, ನಮ್ಮ ಭೂಪ ಅವರ ಮೋಹನ, ನಮ್ಮ ಮಾಲಕಂಸ ಅವರ ಹಿಂದೋಳ, ಹಂಗಾದ್ರ ನಮ್ಮ ಹಿಂದೋಲ್ ಅವರ ಹಿಂದೋಳ ಏನು ಅಂದ್ರ ಅಲ್ಲ, ಅದು ತೀವ್ರ (ಅರ್ಧ ಮೆಟ್ಟಿಲು ಏರಿಸಿದ) ಮಧ್ಯಮದ ಬ್ಯಾರೇನ ರಾಗ. ಅವರ ತೋಡಿಯ ಸ್ವರ ನಮ್ಮ ಭೈರವಿಯ ಸ್ವರ, ನಮ್ಮ ತೋಡಿಯ ಸ್ವರ ಅವರ ಶುಭಪಂತುವರಾಳಿ. ಹುಡುಗ್ರಿಗೆ ಇದನ್ನ ಹೇಳಾಕ ನಾ ಪುಂಡಿ ಉದಾಹರಣಿ ಕೊಡ್ತೀನಿ. ನಮ್ಮ ಕಡೆ ಪುಂಡಿ ಅಂದ್ರ ರೊಟ್ಟಿ ಜೋಡಿ ತಿನ್ನೋ ಹುಳಿ ಪಲ್ಯ, ಮಂಗಳೂರು ಕಡೆ ಪುಂಡಿ ಅಂದ್ರ ಹಬೀಲೆ ಬೇಯಿಸಿದ ಅಕ್ಕಿ ಉಂಡಿ. ಇಬ್ರೂ ಸುಳ್ಳು ಹೇಳಾಕತ್ತಿಲ್ಲ, ಯಾರ ಮನಿಯಾಗ ಊಟಕ್ಕ ಕುಂತೀ ಅನ್ನೋದನ್ನ ನೋಡಬೇಕು.

ಅದಕ್ಕ ಈಗ ನನ್ನ ಕ್ಲಾಸಿನ ಪದ್ಧತಿನ ಬದಲಿ. ಮೊದ್ಲ ಸಪ್ಪಳ, ಆಮ್ಯಾಲೆ ಹೆಸರು, ಹೆಸರಿನ ಮುಂದ ‘ಯಾರ ಮಾತು’ ಅಂತ ಒಂದು ಕಾಲಂ. ಪೇಟಿ ಮ್ಯಾಲೆ ಬಿಳಿ ಒಂದರಿಂದ ಬರೇ ಬಿಳಿ ಮನಿ (ಕೀ) ಒತ್ತಿಕೋತ ಮ್ಯಾಲೆ ಹೋಗ್ತೀನಿ, ಹುಡುಗ್ರು ಕೇಳ್ತಾವ, ಹಾಡ್ತಾವ. ಇದು ಹಿಂದೂಸ್ತಾನಿಯವರಿಗೆ ಬಿಲಾವಲ್ ಥಾಟ್, ಕರ್ನಾಟಕದವರಿಗೆ ಧೀರಶಂಕರಾಭರಣ ಮೇಳ, ಪಾಶ್ಚಾತ್ಯರಿಗೆ ಸಿ ಮೇಜರ್ ಸ್ಕೇಲ್. ಬೆರಳು ಅದ, ಪೇಟಿ ಅದ, ಹೆಸರು ಮೂರು. ಅದರಾಗಿನ ಸಾ, ಗ, ಪ ಮೂರೂ ಕೂಡೇ ಒತ್ತಿದ್ರ ಪಾಶ್ಚಾತ್ಯರ ಕಾರ್ಡ್ (chord) ಆಗ್ತೈತಿ, ಇದು ಮಾತ್ರ ನಮ್ಮ ರಾಗ ಸಂಗೀತದಾಗ ಇಲ್ಲ, ನಮ್ಮಲ್ಲಿ ಹಿಂದ ತಂಬೂರಿ ಸಾ ಪ ಹಿಡ್ಕೊಂಡು ನಿಂತಿರ್ತೈತಿ ಅಷ್ಟ, ಸ್ವರ ಒಂದರ ಹಿಂದ ಒಂದು ಬರ್ತಾವ.

ಸ್ಕೇಲ್ ಅಂದಕೂಡ್ಲೆ ನೆನಪಾತು. ಪ್ರತಿಭಾ ಕಾರಂಜಿಗೆ ಒಬ್ಬ ಆರನೇತ್ತೆ ಹುಡುಗನ್ನ ಭಾವಗೀತೆಗೆ ರೆಡಿ ಮಾಡಿದ್ದೆ, ಪ್ರಾಕ್ಟೀಸ್‌ಗೆ ಪರಿಚಯದ ಕೀಬೋರ್ಡ್ ನುಡಿಸೋ ಹುಡುಗನ್ನ ಕರಸಿದ್ದೆ. ಆಂವ ಬಂದಾಂವನ ‘ಸ್ಕೇಲ್ ಯಾವುದಪಾ?’ ಅಂದ. ಈ ಹುಡುಗ ಬ್ಯಾಗ್ ತೆಗದು ಕಂಪಾಸ್ ಬಾಕ್ಸಿನಿಂದ ಪ್ಲಾಸ್ಟಿಕ್ ಪಟ್ಟಿ ಕೊಟ್ಟ. ನಕ್ಕಿದ್ದು ನಕ್ಕಿದ್ವಿ ಆದ್ರ ಅಲ್ಲೂ ಒಂದು ಗಂಟು ಐತಿ, ಪಾಶ್ಚಾತ್ಯ ಸಂಗೀತದ ಪುಸ್ತಕದಾಗ ಸ್ಕೇಲ್ ಅಂದ್ರ ಸ್ವರಗಳ ಮೆಟ್ಟಿಲು, ಆರ್ಕೆಸ್ಟ್ರಾದವರ ಬಾಯಾಗ ಸ್ಕೇಲ್ ಅಂದ್ರ ನಿನ್ನ ಸಾ ಎಲ್ಲಿ ಐತಿ ಅನ್ನೋದು. ಅವರು ಸಿ ಶಾರ್ಪ್ ಅಂತಾರ, ಪೇಟಿ ಮಂದಿ ಕರಿ ಒಂದು ಅಂತಾರ, ಕರ್ನಾಟಕ ಸಂಗೀತದವರು ಅದನ್ನ ಶ್ರುತಿ ಅಂತಾರ, ಮತ್ತ ಹಿಂದೂಸ್ತಾನಿ ಥಿಯರಿಯಾಗ ಶ್ರುತಿ ಅಂದ್ರ ಸಪ್ತಕದಾಗಿನ 22 ಸೂಕ್ಷ್ಮ ನಾದ ಅಂತ ಬರಸ್ತೀವಿ. ಹುಡುಗ ಪಟ್ಟಿ ಕೊಟ್ಟಿದ್ರಾಗ ಏನೂ ತಪ್ಪಿಲ್ಲ ಖರೇ ಅಂದ್ರ.

ರಾಗ ಅಂದ್ರ ಸ್ಕೇಲ್ ಏನ್ರಿ ಸರ್ ಅಂತ ಪ್ರತಿ ವರ್ಷ ಯಾವುದರ ಒಂದು ಹುಡುಗ ಕೇಳ್ತೈತಿ. ಬಾಯಿಲೆ ಹೇಳೂದು ಬಿಟ್ಟೀನಿ. ಭೂಪ ಹಾಡ್ತೀನಿ, ದೇಶಕಾರ ಹಾಡ್ತೀನಿ. ಎರಡಕ್ಕೂ ಸಾ ರೆ ಗ ಪ ಧ, ಐದ ಸ್ವರ, ಒಂದೂ ಹೆಚ್ಚಿಲ್ಲ ಒಂದೂ ಕಡಿಮಿ ಇಲ್ಲ. ಭೂಪದಾಗ ವಾದಿ, ಅಂದ್ರ ಮುಖ್ಯ ಸ್ವರ, ಗಂಧಾರ, ಹಾಡು ಅಲ್ಲೇ ಕೆಳಗ ಮನಿ ಮಾಡಿರ್ತೈತಿ, ದೇಶಕಾರದಾಗ ವಾದಿ ಧೈವತ, ಮ್ಯಾಲಿನ ಅಂತಸ್ತಿನ್ಯಾಗ ಓಡಾಡ್ತೈತಿ. ‘ಸರ್, ಮಂದಿ ಅವರ, ಮನಿ ಬ್ಯಾರೆ’ ಅಂದ್ಲು ಒಬ್ಬಾಕಿ. ನನಗಿಂತ ಛಲೋ ಹೇಳಿದ್ಲು.

ತಾಳಕ್ಕ ಬಂದ್ರ ಕುಂದಗೋಳ ಕಡೆ ಹಳ್ಳಿಯಿಂದ ಬಸ್ಸಿಗೆ ಬರೋ ಒಬ್ಬ ಹುಡುಗನ ಹೇಳಬೇಕು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಕುಂದಗೋಳ, ಗಂಗೂಬಾಯಿ ಹಾನಗಲ್ಲರು ಪಾಠಕ್ಕ ಹೋಗ್ತಿದ್ದಿದ್ದು ಅಲ್ಲಿಗೆ, ಇದೆಲ್ಲಾ ಹೇಳಿದ್ರ ಆಂವಗ ಅಷ್ಟೇನೂ ಅನಿಸಲಿಲ್ಲ. ಥಿಯರಿಯಾಗ ಯಾವಾಗ್ಲೂ ಫೇಲ್. ಮಾತ್ರಾ ಅಂದ್ರೇನಲೇ ಅಂದ್ರ ಗ್ವಾಡಿ ನೋಡ್ತಿದ್ದ. ಒಂದಿನ ನಾ ಬರೋದು ತಡ ಆತು, ಹೊರಗಿಂದ ಕೇಳಿದ್ರ ಯಾರೋ ಬೆಂಚ್ ಮ್ಯಾಲೆ ಎಂಟು ಮಾತ್ರಾದ ಭಜನಿ ಠೇಕಾ ಬಾರಸಾಕತ್ತಾರ, ನಡು ನಡುವ ಉಠಾವಣಿ ಹಾಕಿ ಹೊಳ್ಳಿ ಸರಿಯಾಗಿ ಸಮ್ಮಿಗೆ, ಅಂದ್ರ ತಾಳದ ಮೊದಲನೇ ಏಟಿಗೆ, ಬರಾಕತ್ತಾರ. ಇದ ಹುಡುಗ. ಮನಿಯಾಗ ಅಜ್ಜಂದು ಭಜನಿ ಮೇಳ ಐತಂತ, ಶರೀಫಜ್ಜನ ತತ್ವಪದಕ್ಕ ಸಣ್ಣಾಂವಿದ್ದಾಗಿಂದ ದಮ್ಮಡಿ ಬಾರಸ್ತಾನಂತ. ‘ಒಂದೊಂದ ಏಟು ಎಣಸ್ಕೋತ ಹೋಗು, ಅದನ್ನ ಮಾತ್ರಾ ಅಂತಾರ’ ಅಂದೆ. ‘ಹೌದೇನ್ರಿ? ಇದು ಗೊತ್ತಿತ್ರಿ ಸರ್, ಹೆಸರು ಗೊತ್ತಿರಲಿಲ್ರಿ’ ಅಂದ.

ಈಗ ತಾಳದ ಪಾಠ ಅವನ ಕಡಿಂದ ಶುರು ಮಾಡಸ್ತೀನಿ. ಆಂವ ಬೆಂಚ್ ಬಾರಸ್ತಾನ, ಉಳದವ್ರು ಎಣಸ್ತಾರ. ಆಮ್ಯಾಲೆ ತೀನತಾಳ 16 ಮಾತ್ರಾ, ಒಂದಕ್ಕ ಸಮ್, ಒಂಬತ್ತಕ್ಕ ಖಾಲಿ, ಖಾಲಿಗೆ ಕೈ ಬೀಸೂದು. ಮೈಸೂರು ಹುಡುಗಿ ಆದಿತಾಳ ಹಾಕಿ ತೋರಸ್ತಾಳ, ಅದು ಎಂಟು ಅಕ್ಷರ, ನಾಕು ಎರಡು ಎರಡು. ಅದ್ರಾಗೂ ಕೈ ಬೀಸ್ತಾರ, ಅದನ್ನ ನೋಡಿ ನಮ್ಮ ಹುಡುಗ್ರು ‘ಖಾಲಿ ಖಾಲಿ’ ಅಂತ ಒದರಿದ್ವು, ಆಕಿ ಸೊಂಟದ ಮ್ಯಾಲೆ ಕೈ ಇಟ್ಕೊಂಡು ‘ಖಾಲಿ ಅಲ್ಲ ಕಣ್ರೋ, ದ್ರುತ’ ಅಂದ್ಲು. ಒಂದು ಏಟು, ಒಂದು ಬೀಸು ಕೂಡಿ ಎರಡು ಅಕ್ಷರದ ಭಾಗ ಅದು. ಈಗ ಜಗಳಾಡ್ತಾಳ, ಅದ ನನಗ ಖುಷಿ. ಎರಡು ಮಾರ್ಕು ಹೊಳ್ಳಿ ಹಾಕೀನಿ, ಮೊದಲನೇ ದಿನದ ಬೇಸೂರಿನ ಮಾತನ್ನೂ ಎಲ್ಲಾರ ಎದುರಿಗೇ ವಾಪಸ್ ತಗೊಂಡೀನಿ.

ಕೋರಸ್ ಅನ್ನೋದನ್ನೂ ಹಿಂಗ ಬಿಡಿಸಿದ್ವಿ. ಸಾಲಿಯಾಗ ಕೋರಸ್ ಅಂದ್ರ ಗುಂಪಾಗಿ ಹಾಡೂದು, ಇಂಗ್ಲಿಷ್ ಹಾಡಿನ್ಯಾಗ ಕೋರಸ್ ಅಂದ್ರ ತಿರುಗಿ ತಿರುಗಿ ಬರೋ ಭಾಗ, ನಮ್ಮ ಪಲ್ಲವಿ ಇದ್ದಂಗ. ಗೀಗೀ ಪದದಾಗ ನೋಡ್ರಿ, ಮುಮ್ಮೇಳದಾಂವ ಕತಿ ಹೇಳ್ತಾನ, ಹಿಮ್ಮೇಳದವರು ಕೂಡಿ ‘ಗೀಯ ಗೀಯ’ ಅಂತ ಎತ್ತತಾರ, ಗುಂಪೂ ಅದ, ತಿರುಗಿ ಬರೋದೂ ಅದ. ಅಲ್ಲಿ ಎರಡೂ ಅರ್ಥ ಒಂದ ಕಡೆ ಸಿಗ್ತಾವ. ಆಕ್ಟೇವ್ ಎಂಟಂತ, ಸಪ್ತಕ ಏಳಂತ, ಯಾವುದು ಖರೇ ಅಂತ ಕೇಳಿದ್ರೂ ಹಂಗ, ಅವರು ಮ್ಯಾಲಿನ ಸಾ ಎಣಸ್ತಾರ, ನಾವು ಬಿಡ್ತೀವಿ, ಅಷ್ಟ.

ಇದಕ್ಕೆಲ್ಲಾ ಟೈಮ್ ಹಿಡಿತೈತಿ, ಸುಳ್ಳ್ಯಾಕ. ಮೊದಲು ಒಂದು ಪಿರಿಯಡ್‌ನ್ಯಾಗ ಹತ್ತು ಪದ ಬರಸ್ತಿದ್ದೆ, ಈಗ ಎರಡು ಆದ್ರ ಭಾಳ ಆತು. ಹೆಡ್‌ಮಾಸ್ತರ್ ನೋಟ್ಸ್ ನೋಡಿ ‘ಏನ್ ಸರ್, ಪುಟಾನ ತುಂಬಿಲ್ಲ’ ಅಂತಾರ. ಪೋರ್ಷನ್ ಈ ವರ್ಷನೂ ಮುಗದಿಲ್ಲ.

ಮೊನ್ನೆ ಗಣಪತಿ ಕಳಿಸಿದ ಮರುದಿನ, ಅರ್ಧ ಕ್ಲಾಸಿಗೆ ನಿದ್ದಿ, ಡಿಜೆ ಕುಣದು ಬಂದವರು. ಆ ಭಜನಿ ಹುಡುಗ ಎದ್ದು ನಿಂತು ‘ಸರ್, ಡಿಜೆದಾಗ ಡ್ರಾಪ್ ಅಂತಾರಲ್ರಿ, ಅದು ಸಮ್ ಏನ್ರಿ?’ ಅಂದ. ನಾನು, ಅಲ್ಲಪಾ, ಸಮ್ ಪ್ರತಿ ಆವರ್ತಕ್ಕ ಬರ್ತೈತಿ, ಡ್ರಾಪ್ ಏರಿಸಿ ಏರಿಸಿ ಯಾವಾಗರ ಒಮ್ಮೆ ಬೀಳ್ತೈತಿ ಅನ್ನೂದ್ರಾಗ ಹಿಂದಿಂದ ಮೈಸೂರು ಹುಡುಗಿ ‘ತಿಹಾಯಿ ಹಾಕಿ ಬರೋ ಸಮ್ ಥರ ಅಲ್ವಾ ಸರ್?’ ಅಂದ್ಲು. ತಿಹಾಯಿ ಅಂದ್ರ ಒಂದ ತುಣುಕನ್ನ ಮೂರು ಸರ್ತಿ ಹೇಳಿ ಸಮ್ಮಿಗೆ ಬಂದು ಮುಟ್ಟೋದು. ನಾ ಹಂಗ ಯೋಚನಿ ಮಾಡಿರಲಿಲ್ಲ. ಬೋರ್ಡ್ ಮ್ಯಾಲೆ ‘ಡ್ರಾಪ್’ ಅಂತ ಬರದು ಮುಂದಿನ ಜಾಗ ಖಾಲಿ ಬಿಟ್ಟೀನಿ, ಮುಂದಿನ ಪಿರಿಯಡ್‌ಗೆ ಒಂದು ಸ್ಪೀಕರ್ ತರ್ತೀನಿ, ಎಣಸಿ ನೋಡೂಣು ಅಂದೀನಿ. ಗಣಿತದ ಟೀಚರ್ ಕೇಳಲಿಲ್ಲ ಅಂದ್ರ.