ನರ್ಸಿಂಗ್‌ಗೆ ಯಾವ ಯೂನಿವರ್ಸಿಟಿ ಒಳ್ಳೇದು ಅಂತ ಕೇಳುವವರಿಗೆ

ಪಿಯುಸಿ ರಿಸಲ್ಟ್ ಬಂತು ಅಂದ್ರೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ನೆಂಟರು, ಪರಿಚಯದವರು, ಅವರ ಪರಿಚಯದವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಮಾತು. "ಮಗಳಿಗೆ ಬಿಎಸ್ಸಿ ನರ್ಸಿಂಗ್ ಮಾಡಿಸಬೇಕು ಅಂತಿದ್ದೀವಿ ಸಿಸ್ಟರ್, ಯಾವ ಯೂನಿವರ್ಸಿಟಿ ಒಳ್ಳೇದು?" ನಾನು ಶಿವಮೊಗ್ಗದಲ್ಲಿ ನರ್ಸ್. ವಾರ್ಡಿಗೆ ಬರುವ ವಿದ್ಯಾರ್ಥಿಗಳನ್ನು ದಿನಾ ನೋಡುತ್ತೇನೆ. ಒಬ್ಬೊಬ್ಬರಿಗೆ ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಮೊದಲಿಗೆ, ನಮ್ಮ ರಾಜ್ಯದಲ್ಲಿ ಯೂನಿವರ್ಸಿಟಿ ಆರಿಸಿಕೊಳ್ಳುವ ಅವಕಾಶವೇ ಕಡಿಮೆ. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ (ಆರ್‌ಜಿಯುಎಚ್‌ಎಸ್) ಶುರುವಾಯಿತು. ಅದಕ್ಕೂ ಮುಂಚೆ ಆಯಾ ಭಾಗದ ಮೆಡಿಕಲ್ ಕಾಲೇಜುಗಳು ಆಯಾ ಭಾಗದ ಯೂನಿವರ್ಸಿಟಿ ಕೆಳಗೆ ಇದ್ದವು. ಈಗ ಮೆಡಿಕಲ್, ನರ್ಸಿಂಗ್, ಫಾರ್ಮಸಿ ಎಲ್ಲ ಬಹುಪಾಲು ಆರ್‌ಜಿಯುಎಚ್‌ಎಸ್‌ಗೇ ಸೇರಿವೆ. "ಶಂಕರಘಟ್ಟದಲ್ಲಿ ನರ್ಸಿಂಗ್ ಇಲ್ವಾ?" ಅಂತ ಭದ್ರಾವತಿ ಕಡೆಯವರು ಕೇಳ್ತಾರೆ. ಶಂಕರಘಟ್ಟದಲ್ಲಿರುವ ನಮ್ಮ ಕುವೆಂಪು ವಿಶ್ವವಿದ್ಯಾಲಯ ಒಳ್ಳೆಯದೇ, ಆದರೆ ಶಿವಮೊಗ್ಗದ ನರ್ಸಿಂಗ್ ಕಾಲೇಜುಗಳಿಗೆ ಪದವಿ ಕೊಡುವುದು ಆರ್‌ಜಿಯುಎಚ್‌ಎಸ್.

ಅಂದರೆ ಶಿವಮೊಗ್ಗದಲ್ಲಿ ಓದಿದರೂ, ದಾವಣಗೆರೆಯಲ್ಲಿ ಓದಿದರೂ, ಬೆಂಗಳೂರಿನ ಯಾವುದೋ ಬಡಾವಣೆಯ ಕಾಲೇಜಿನಲ್ಲಿ ಓದಿದರೂ ಅದೇ ಸಿಲೆಬಸ್, ಅದೇ ಪ್ರಶ್ನೆಪತ್ರಿಕೆ, ಅದೇ ಸರ್ಟಿಫಿಕೇಟ್. ಬೆಂಗಳೂರಿನ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ ಅನ್ನುವುದು ಸುಮ್ನೆ ಮಾತು. ಬೇರೆ ಯೂನಿವರ್ಸಿಟಿ ಅಂತ ಸಿಗುವುದು ಡೀಮ್ಡ್‌ಗಳು (ಯೂನಿವರ್ಸಿಟಿಯ ಮಾನ್ಯತೆ ಪಡೆದ ಸಂಸ್ಥೆಗಳು), ಮತ್ತೆ ಕೆಲವು ಖಾಸಗಿ ಯೂನಿವರ್ಸಿಟಿಗಳು. ನಮಗೆ ಹತ್ತಿರದ ಡೀಮ್ಡ್‌ಗಳು ಘಟ್ಟದ ಕೆಳಗಿವೆ: ಮಣಿಪಾಲ, ಮಂಗಳೂರಿನ ನಿಟ್ಟೆ, ಯೆನೆಪೋಯ. ಅವರ ಪರೀಕ್ಷೆ, ಪದವಿ ಅವರದ್ದೇ. ಹಾಗಿದ್ದರೂ ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮವನ್ನು ಅವರೂ ಬಿಡುವ ಹಾಗಿಲ್ಲ. 2021ರಲ್ಲಿ ಬಂದ ಹೊಸ ಪಠ್ಯಕ್ರಮದ ಪ್ರಕಾರ ಎಲ್ಲ ಕಡೆಯೂ 4 ವರ್ಷ, 8 ಸೆಮಿಸ್ಟರ್, ಕೊನೆಯದ್ದು ಇಂಟರ್ನ್‌ಶಿಪ್.

ಹಾಗಾಗಿ ನಾನು ತಿರುಗಿ ಕೇಳುವುದು, "ಆ ಕಾಲೇಜಿನ ಆಸ್ಪತ್ರೆ ಯಾವುದು?"

ನರ್ಸಿಂಗ್ ಕಲಿಯುವುದು ಮಂಚದ ಪಕ್ಕದಲ್ಲಿ. ಅಡಿಕೆ ಕೊನೆ ತೆಗೆಯಲು ಮರ ಹತ್ತಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ನಮ್ಮ ಸೀಮೆಯ ಆಸ್ಪತ್ರೆಗಳಿಗೆ ಹೊಸಬರಲ್ಲ. ಅಂಥವರನ್ನು ಮಗ್ಗುಲು ಬದಲಿಸುವಾಗ ತಲೆಗೊಬ್ಬರು, ಸೊಂಟಕ್ಕೊಬ್ಬರು, ಕಾಲಿಗೊಬ್ಬರು ಹಿಡಿದು, ಒಂದೇ ಎಣಿಕೆಗೆ ತಿರುಗಿಸಬೇಕು. ಬೆನ್ನು ಒಂದಿಷ್ಟೂ ತಿರುಚಬಾರದು. ಚರ್ಮ ಕೆಂಪಾಗಿದೆಯಾ ನೋಡಬೇಕು, ಇಲ್ಲದಿದ್ದರೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಹತ್ತು ಅಂಕ ತೆಗೆಯಬಹುದು. ಕೈಗೆ ಬರಬೇಕಾದರೆ ಅಂಥ ರೋಗಿ ಇರುವ ವಾರ್ಡಿನಲ್ಲಿ ಮತ್ತೆ ಮತ್ತೆ ನಿಲ್ಲಬೇಕು.

ಪರಿಷತ್ತಿನ ನಿಯಮದಲ್ಲೂ ಇದೇ ಇದೆ. ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು, 10 ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು. ಕಾಲೇಜಿಗೆ ಹೋದಾಗ ಈ ಎರಡು ಲೆಕ್ಕ ತಲೆಯಲ್ಲಿರಲಿ. 60 ಸೀಟಿನ ಕಾಲೇಜು, ಪಕ್ಕದಲ್ಲಿ 40 ಹಾಸಿಗೆಯ ನರ್ಸಿಂಗ್ ಹೋಮ್, ಅದರಲ್ಲೂ ಅರ್ಧ ಖಾಲಿ ಅಂದ್ರೆ ಮಕ್ಕಳು ಕಲಿಯುವುದು ಎಲ್ಲಿ?

ಶಿವಮೊಗ್ಗದ ದೊಡ್ಡ ಬಲ ಮೆಗ್ಗಾನ್. ಸಿಮ್ಸ್ ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾ ಬೋಧನಾ ಆಸ್ಪತ್ರೆ ಅದು. ನಮ್ಮ ಜಿಲ್ಲೆಯವರಲ್ಲದೆ ಸುತ್ತಲಿನ ಚಿಕ್ಕಮಗಳೂರು, ದಾವಣಗೆರೆ, ಹಾವೇರಿ ಕಡೆಯವರೂ ಬರುತ್ತಾರೆ. ಹೆರಿಗೆ, ಹಾವು ಕಡಿತ, ವಿಷ ಕುಡಿದವರು, ಅಪಘಾತ, ಎಲ್ಲ ಒಂದೇ ಕಡೆ. ಗಲಾಟೆ ಇರುತ್ತದೆ, ಬೆಡ್ ಸಾಲದೆ ಒದ್ದಾಟ ಇರುತ್ತದೆ. ಆದರೆ ಕಲಿಯಲು ಮನಸ್ಸಿರುವ ಹುಡುಗಿಗೆ ಅಲ್ಲಿ ಕೈತುಂಬ ಕೆಲಸ. ಖಾಸಗಿ ದೊಡ್ಡ ಆಸ್ಪತ್ರೆಗಳಲ್ಲಿ ಒಳ್ಳೆ ಐಸಿಯು, ಹೊಸ ಮಷೀನು, ಅಚ್ಚುಕಟ್ಟಾದ ದಾಖಲೆ ಕಲಿಯಬಹುದು ನಿಜ. ಆದರೆ ದುಡ್ಡು ಕಟ್ಟಿ ಮಲಗಿದ ರೋಗಿ ವಿದ್ಯಾರ್ಥಿ ಕೈಲಿ ಕ್ಯಾನುಲಾ (ಡ್ರಿಪ್ ಕೊಡಲು ನರಕ್ಕೆ ಹಾಕುವ ನಳಿಕೆ) ಹಾಕಿಸಿಕೊಳ್ಳಲು ಎಷ್ಟೋ ಸಲ ಒಪ್ಪುವುದಿಲ್ಲ. ನೋಡಿ ಕಲಿಯುವುದಕ್ಕೂ ಮಾಡಿ ಕಲಿಯುವುದಕ್ಕೂ ಅಜಗಜಾಂತರ. ಎರಡೂ ಕಡೆ ಪೋಸ್ಟಿಂಗ್ ಕೊಡಿಸುವ ಕಾಲೇಜು ಸಿಕ್ಕರೆ ಅದನ್ನೇ ಹಿಡಿಯಿರಿ.

ನೋಡಲು ಹೋದಾಗ ಪ್ರಿನ್ಸಿಪಾಲರ ರೂಮಿನಲ್ಲೇ ಕೂತು ಬರಬೇಡಿ. ಸ್ಕಿಲ್ ಲ್ಯಾಬ್ ತೆಗೆಸಿ ನೋಡಿ. ಅಭ್ಯಾಸದ ಗೊಂಬೆಗೆ ಇನ್ನೂ ಪ್ಲಾಸ್ಟಿಕ್ ಕವರ್ ಹಾಗೇ ಇದ್ದರೆ ಅರ್ಥ ಮಾಡಿಕೊಳ್ಳಿ. ಇಂಜೆಕ್ಷನ್ ಚುಚ್ಚಿ ಚುಚ್ಚಿ ತೋಳು ಸವೆದಿರಬೇಕು. ಆಮೇಲೆ ಕ್ಯಾಂಟೀನಿನಲ್ಲೋ ಬಸ್ ಸ್ಟಾಪಿನಲ್ಲೋ ಮೂರನೇ, ನಾಲ್ಕನೇ ವರ್ಷದ ಮಕ್ಕಳನ್ನು ಮಾತಾಡಿಸಿ. "ಲೇಬರ್ ರೂಮ್ ಪೋಸ್ಟಿಂಗ್ ಎಲ್ಲಮ್ಮಾ? ಹೆರಿಗೆ ನೀನೇ ಮಾಡಿಸಿದ್ದೀಯಾ, ಬರೀ ನೋಡಿದ್ದೀಯಾ? ವಾರ್ಡಿಗೆ ಮೇಡಂ ಜೊತೆಗೆ ಬರ್ತಾರಾ, ಬಿಟ್ಟು ಹೋಗ್ತಾರಾ?" ಇಷ್ಟು ಕೇಳಿದರೆ ಸಾಕು. ಇಷ್ಟು ಹೆರಿಗೆ ಮಾಡಿಸಿರಬೇಕು ಅಂತ ಲಾಗ್‌ಬುಕ್‌ನಲ್ಲಿ ಲೆಕ್ಕ ಇರುತ್ತದೆ. ಮಾಡದೇ ಬರೆಸುವ ಕಾಲೇಜಿಗೆ ಮಗಳನ್ನು ಕಳಿಸಬೇಡಿ. ಕೋರ್ಸ್ ಮುಗಿದ ಮೇಲೆ ಅವಳ ಕೈಗೆ ಒಪ್ಪಿಸುವುದು ಯಾರದೋ ಮನೆಯ ಬಾಣಂತಿಯನ್ನು.

ಊರ ಹತ್ತಿರ ಓದುವುದರಲ್ಲಿ ನಾನು ಬಹಳ ಬೆಲೆ ಕೊಡುವ ಸಂಗತಿ ಇನ್ನೊಂದಿದೆ. ಮಂಗನ ಕಾಯಿಲೆ (ಕಾಡಿನ ಉಣುಗು ಕಚ್ಚಿ ಬರುವ ಜ್ವರ, ಮಂಗಗಳೂ ಇದರಿಂದ ಸಾಯುತ್ತವೆ) ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಕಡೆ ಎಷ್ಟು ಸಂಕಟ ಆಯಿತು ಅಂತ ಇಲ್ಲಿಯವರಿಗೆ ನೆನಪಿದೆ. ಬೇಸಿಗೆಯಲ್ಲಿ ಜ್ವರ ಅಂತ ಬಂದವರನ್ನು "ದರಗು, ಒಣ ಎಲೆ ತರೋಕೆ ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿದೆಯಾ? ಹತ್ತಿರದಲ್ಲಿ ಮಂಗ ಸತ್ತಿದೆಯಾ?" ಅಂತ ಕೇಳಬೇಕು ಅನ್ನುವುದು ಮಲೆನಾಡಿನ ಪಿಎಚ್‌ಸಿಯಲ್ಲಿ ಕಮ್ಯುನಿಟಿ ಪೋಸ್ಟಿಂಗ್ ಮಾಡಿದ ವಿದ್ಯಾರ್ಥಿಗೆ ತಾನಾಗಿ ಬಾಯಿಗೆ ಬರುತ್ತದೆ. ಇಲ್ಲಿಯ ಜನಕ್ಕೆ ಇಂಥ ನರ್ಸ್‌ಗಳು ಬೇಕು. ಕನ್ನಡ ಮೀಡಿಯಂ ಮಕ್ಕಳಿಗೆ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ ಇಂಗ್ಲಿಷಿನಲ್ಲಿ ಕಷ್ಟ ಆಗುತ್ತದೆ, ಅಳುತ್ತಾರೆ ಕೂಡ. ಆದರೆ ವಾರ್ಡಿನಲ್ಲಿ ಅಜ್ಜಿಯ ಹತ್ತಿರ ಮಾತಾಡಿ ನೋವು ಎಲ್ಲಿದೆ ಅಂತ ತಿಳಿದುಕೊಳ್ಳುವುದರಲ್ಲಿ ಅವರೇ ಮುಂದೆ.

ಹಾಗಂತ ಮಣಿಪಾಲ, ಮಂಗಳೂರು ಬೇಡ ಅಂತಲ್ಲ. ಇಲ್ಲಿ ಕಾಯಿಲೆ ಕೈಮೀರಿದರೆ ನಾವೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಓಡುತ್ತೇವೆ ಅಲ್ವಾ? ಅಲ್ಲಿಯ ಕಸ್ತೂರ್ಬಾ ಆಸ್ಪತ್ರೆಯಲ್ಲಿ 2000ದಷ್ಟು ಹಾಸಿಗೆಗಳಿವೆ, ಪಾಠವೂ ಗಟ್ಟಿ. ವಿದೇಶಕ್ಕೆ ಹೋಗಬೇಕು, ಎಂಎಸ್ಸಿ ಮಾಡಬೇಕು ಅನ್ನುವವರಿಗೆ ಒಳ್ಳೆಯ ಜಾಗ. ಆದರೆ ಫೀಸು, ಹಾಸ್ಟೆಲ್, ಊಟ ಸೇರಿಸಿ 4 ವರ್ಷದ್ದು ಕಾಗದದಲ್ಲಿ ಬರೆಯಿರಿ. ತೋಟ ಅಡ ಇಡುವ ಮಟ್ಟಕ್ಕೆ ಹೋದರೆ ನಾನು ಬೇಡ ಅನ್ನುತ್ತೇನೆ. ಖಾಸಗಿ ಆಸ್ಪತ್ರೆಯ ಶುರುವಿನ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ.

ಮಾರ್ಕ್ಸ್ ಕಡಿಮೆ ಇದ್ದರೆ, ದುಡ್ಡಿಗೂ ಕಷ್ಟ ಇದ್ದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಇದೆ. 3 ವರ್ಷ, ಮುಂದೆ 2 ವರ್ಷ ಪೋಸ್ಟ್ ಬೇಸಿಕ್ ಮಾಡಿದರೆ ಬಿಎಸ್ಸಿಯೇ. ಒಂದು ವ್ಯತ್ಯಾಸ ತಿಳಿದಿರಲಿ: ಏಮ್ಸ್‌ನ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ನೇರವಾಗಿ ಕೂರಬಹುದು, ಜಿಎನ್‌ಎಂನವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು.

ಕೊನೆಗೆ ಏಜೆಂಟರ ವಿಷಯ. ಸರ್ಕಾರಿ ಕೋಟಾದ ಬಿಎಸ್ಸಿ ನರ್ಸಿಂಗ್ ಸೀಟು ಸಿಗುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಸಿಇಟಿ ಬರೆದವರಿಗೆ. ಮಧ್ಯದಲ್ಲಿ ಯಾರೂ ಬೇಕಾಗಿಲ್ಲ. ಆರ್‌ಜಿಯುಎಚ್‌ಎಸ್ ಮಾನ್ಯತೆ ವರ್ಷ ವರ್ಷ ಮುಂದುವರಿಯಬೇಕು. ಹಾಗಾಗಿ ಈ ವರ್ಷದ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಸೀಟಿನ ಸಂಖ್ಯೆ ಇದೆಯಾ ಅಂತ ಯೂನಿವರ್ಸಿಟಿ ವೆಬ್‌ಸೈಟಿನಲ್ಲೇ ನೋಡಿ. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ರಿಜಿಸ್ಟ್ರೇಷನ್ ಆಗದಿದ್ದರೆ ಪದವಿ ಇದ್ದೂ ನರ್ಸ್ ಆಗಿ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಕಾಲೇಜಿಗೆ ಆ ಪರಿಷತ್ತಿನ ಮಾನ್ಯತೆ ಇದೆಯಾ ಅಂತಲೂ ಕೇಳಿ. ಸೀಟು ಬುಕ್ ಮಾಡ್ತೀವಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಅಂದರೆ ಕೊಡಬೇಡಿ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಂಡು ಬನ್ನಿ. ರಸೀದಿ ಕೊಡದ ಕಡೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.