ಹಳೇ ಸಂಬಳ

ನಿನ್ನೆ ರಾತ್ರಿ ನ್ಯೂಯಾರ್ಕಿನಿಂದ ತಂಗಿ ಫೋನ್ ಮಾಡಿದ್ದಳು. ಹೊಸ ಕೆಲಸದ ಇಂಟರ್‌ವ್ಯೂ ಮುಗಿಸಿ ಬಂದಿದ್ದಳು. "ಈಗ ಎಷ್ಟು ಬರ್ತಿದೆ ಅಂತ ಕೇಳಿದ್ರಾ?" ಅಂದೆ. "ಇಲ್ಲ ಅಕ್ಕ, ಇಲ್ಲಿ ಅದನ್ನ ಕೇಳೋ ಹಾಗೇ ಇಲ್ಲ" ಅಂದಳು.

ಆ ನಗರದಲ್ಲಿ 2017ರ ಅಕ್ಟೋಬರ್ 31ರಿಂದ ಹಾಗೊಂದು ಕಾನೂನಿದೆಯಂತೆ. ಹಳೇ ಕಂಪನಿಗೆ ಫೋನ್ ಮಾಡಿ ಸಂಬಳ ವಿಚಾರಿಸುವಂತೆಯೂ ಇಲ್ಲ. ನಾವಾಗಿಯೇ ಹೇಳಿದರೆ ಬೇರೆ ಮಾತು. ಎಷ್ಟು ನಿರೀಕ್ಷೆ ಅಂತ ಕೇಳಬಹುದು, ಅಷ್ಟೇ. ಅರ್ಜಿದಾರರ ಸಾಲದ ಚರಿತ್ರೆ ಕೆದಕುವುದಕ್ಕೆ 2015ರಲ್ಲೇ ತಡೆ ಬಿದ್ದಿದೆ. ಪೊಲೀಸ್‌ನಂಥ ಕೆಲವು ಹುದ್ದೆಗಳಿಗೆ ಮಾತ್ರ ವಿನಾಯಿತಿ. ಆಸ್ಪತ್ರೆ ಬಿಲ್ಲು ಕಟ್ಟಲಾಗದೆ ಕ್ರೆಡಿಟ್ ಸ್ಕೋರ್ ಬಿದ್ದವರಿಗೆ, ಆ ಸಾಲ ತೀರಿಸಲು ಬೇಕಾದ ಕೆಲಸವೇ ಕೈತಪ್ಪುವುದು ಎಂಥ ಅನ್ಯಾಯ!

ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಬದಲಿಸಿದಾಗಲೆಲ್ಲ ಮೂರು ತಿಂಗಳ ಪೇ ಸ್ಲಿಪ್ ಕೊಟ್ಟಿದ್ದೇನೆ. ಮೊದಲ ಕೆಲಸಕ್ಕೆ ಸೇರುವಾಗ ಅಪ್ಪ ಆಸ್ಪತ್ರೆಯಲ್ಲಿದ್ದರು, ಕೊಟ್ಟಷ್ಟಕ್ಕೆ ಒಪ್ಪಿಕೊಂಡೆ. ಆಮೇಲೆ ಕೆಲಸ ಕೊಟ್ಟವರೆಲ್ಲ ಅದೇ ಅಂಕಿಯ ಮೇಲೆ ಇಷ್ಟು ಪರ್ಸೆಂಟ್ ಅಂತ ಸೇರಿಸುತ್ತ ಹೋದರು. ಮಗುವಾಗಿ ಎರಡು ವರ್ಷ ಮನೆಯಲ್ಲಿದ್ದು ಮರಳಿದಾಗಲೂ ಲೆಕ್ಕ ಅಲ್ಲಿಂದಲೇ. ನಾನು ಮಾಡುವ ಕೆಲಸಕ್ಕೆ ಎಷ್ಟು ಕೊಡಬೇಕು ಅಂತ ಯಾರೂ ಯೋಚಿಸಲಿಲ್ಲ.

ಮುಂದಿನ ವಾರ ನನಗೂ ಒಂದು ಇಂಟರ್‌ವ್ಯೂ ಇದೆ. ಪೇ ಸ್ಲಿಪ್ ಮೇಲ್ ಮಾಡಿ ಅಂತ ಆಗಲೇ ಕೇಳಿದ್ದಾರೆ.